ತಗ್ಗಿದ ಪಿಕಪ್ಪಿನ ಲೆಕ್ಕ

ಖಾಲಿ ನಿಂತ ಪಿಕಪ್ ಟ್ರಕ್ಕನ್ನು ಪಕ್ಕದಿಂದ ನೋಡಿದರೆ ಹಿಂಭಾಗ ಮುಂಭಾಗಕ್ಕಿಂತ ಒಂದೆರಡು ಅಂಗುಲವಾದರೂ ಮೇಲೆ ನಿಂತಿರುವುದು ಕಾಣುತ್ತದೆ. ಬಾಡಿಗೆ ಐದಾರು ನೂರು ಕಿಲೊ ಸರಕು ಬಿದ್ದಾಗ ಕಮಾನುಗಳು, ಅಂದರೆ ಉಕ್ಕಿನ ಪ್ಲೇಟುಗಳ ಸ್ಪ್ರಿಂಗುಗಳು, ತಗ್ಗಿ ಗಾಡಿ ಮಟ್ಟಸವಾಗಲಿ ಎಂದು ಕಾರ್ಖಾನೆಯೇ ಉಳಿಸಿಟ್ಟ ಎತ್ತರ ಅದು. ಅಮೆರಿಕದಲ್ಲಿ 1980ರ ದಶಕದ ಆರಂಭದಿಂದ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತ ಬಂದಿರುವ ವಾಹನವೇ ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್. ಅಷ್ಟು ಪಿಕಪ್ಪುಗಳಲ್ಲಿ ದಿನವೂ ಹೊರೆ ಹೊರುವವು ಎಷ್ಟು ಎಂಬ ಪ್ರಶ್ನೆ ಬೇರೆ. ಒಬ್ಬ ಚಾಲಕನನ್ನು ಕೂರಿಸಿಕೊಂಡು ಕಚೇರಿಗೆ ಹೋಗಿ ಬರುವುದಷ್ಟೇ ಎಷ್ಟೋ ಟ್ರಕ್ಕುಗಳ ಕೆಲಸ. ಬಾರದ ಹೊರೆಗಾಗಿ ಎತ್ತಿ ಹಿಡಿದ ಆ ಹಿಂಭಾಗ ಇಂಥ ಮಾಲೀಕರ ಕಣ್ಣಿಗೆ ಅಸಹಜವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಕ್ಯಾಲಿಫೋರ್ನಿಯಾದಿಂದ ಕೆರೊಲಿನಾಗಳವರೆಗೆ ಹಿಂಭಾಗ ಇಳಿಸುವ ವರ್ಕ್‌ಶಾಪುಗಳು ಹುಟ್ಟಿಕೊಂಡದ್ದು, ಅದಕ್ಕೆ ಬೇಕಾದ ಬಿಡಿಭಾಗಗಳದ್ದೇ ಒಂದು ಉದ್ಯಮವಾದದ್ದು ಹೀಗೆ. ಇಂಥ ಕೆಲಸವನ್ನು ಶೋಕಿ ಎಂದು ತಳ್ಳಿಹಾಕುವವರೂ ಸ್ವಾತಂತ್ರ್ಯ ಎಂದು ಎತ್ತಿ ಹಿಡಿಯುವವರೂ ವಾದ ಮಾಡುವುದು ಗಾಡಿ ಎಷ್ಟು ಅಂಗುಲ ಇಳಿಯಿತು ಎಂಬುದರ ಮೇಲೆಯೇ. ನನ್ನ ವಾದ ಇಷ್ಟು: ಎಷ್ಟು ಇಳಿಯಿತು ಎಂಬುದಕ್ಕಿಂತ, ಇಳಿದ ಮೇಲೆ ಹಿಂದಿನ ಆಕ್ಸೆಲ್ ಮೇಲೇಳಲು ಎಷ್ಟು ಜಾಗ ಉಳಿಯಿತು ಎಂಬುದು ಮುಖ್ಯ. ಕಾನೂನು ಬರೆದವರೂ ಗಾಡಿ ಇಳಿಸುವ ಕಿಟ್ ಮಾರುವವರೂ ಇದನ್ನು ಅಳೆದದ್ದು ಕಡಿಮೆ.

ಜಾಗ ಎಂದರೆ ಯಾವುದು ಎಂದು ತಿಳಿಯಲು ಗಾಡಿಯ ಕೆಳಗೊಮ್ಮೆ ಬಗ್ಗಬೇಕು. ಬಹುತೇಕ ಪಿಕಪ್ಪುಗಳಲ್ಲಿ ಎರಡು ಹಿಂಚಕ್ರಗಳನ್ನು ಜೋಡಿಸುವ ಆಕ್ಸೆಲ್ ಒಂದೇ ಗಟ್ಟಿ ಕೊಳವೆ. ಅದನ್ನು ಎರಡು ಪಕ್ಕದ ಕಮಾನುಗಳಿಗೆ ಯು-ಬೋಲ್ಟ್‌ಗಳಿಂದ ಬಿಗಿದಿರುತ್ತಾರೆ. ಕಮಾನಿನ ಮುಂದಿನ ಕಣ್ಣು ಚಾಸಿಗೆ ನೇರವಾಗಿ ಸಿಕ್ಕಿಕೊಂಡಿದ್ದರೆ, ಹಿಂದಿನ ಕಣ್ಣು ಶ್ಯಾಕಲ್ ಎಂಬ ತೂಗುಪಟ್ಟಿಗೆ ಸಿಕ್ಕಿರುತ್ತದೆ. ಹೊರೆ ಬಿದ್ದು ಕಮಾನು ಚಪ್ಪಟೆಯಾಗಿ ಉದ್ದವಾದಾಗ ಆ ಉದ್ದಕ್ಕೆ ದಾರಿ ಬಿಡುವುದು ಇದರ ಕೆಲಸ. ಆಕ್ಸೆಲ್ ಕೊಳವೆಗೂ ಅದರ ನೆತ್ತಿಯ ಮೇಲೆ ಹಾದುಹೋಗುವ ಚಾಸಿ ಕಂಬಿಗೂ ನಡುವೆ ಒಂದು ತೆರಪು ಇದೆ. ಆ ತೆರಪಿನ ಕೊನೆಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರು ತುಂಡು ಕಾವಲಿಗೆ ಕೂತಿರುತ್ತದೆ. ರಸ್ತೆಯ ಉಬ್ಬು ಚಕ್ರವನ್ನು ಮೇಲಕ್ಕೆ ಒದ್ದಾಗ ಆಕ್ಸೆಲ್ ಏರಬೇಕಾದದ್ದು ಈ ತೆರಪಿನೊಳಗೆ. ಹೊರೆ ಹೇರಿದಾಗ ಚಾಸಿ ಇಳಿಯಬೇಕಾದದ್ದೂ ಇದರೊಳಗೇ. ಒಂದೇ ತೆರಪನ್ನು ಉಬ್ಬೂ ಹೊರೆಯೂ ಹಂಚಿಕೊಳ್ಳಬೇಕು. ಈಗ ಗಾಡಿಯನ್ನು ತಗ್ಗಿಸುವವನು ಮೂರನೆಯ ಪಾಲುದಾರನಾಗಿ ಬಂದು ನಿಲ್ಲುತ್ತಾನೆ.

ಅವನು ಬರುವ ದಾರಿಗಳು ಹಲವು. 1980ರ ದಶಕದಲ್ಲಿ ಅಮೆರಿಕದ ಹುಡುಗರು ಮುಗಿಬಿದ್ದ ನಿಸ್ಸಾನ್, ಮಾಜ್ಡಾ, ಟೊಯೊಟಾ ಕಂಪನಿಗಳ ಪುಟ್ಟ ಪಿಕಪ್ಪುಗಳಲ್ಲಿ, ಶೆವ್ರೊಲೆ ಎಸ್-10ರ ಎರಡು ಚಕ್ರ ಚಾಲನೆಯ ಮಾದರಿಯಲ್ಲಿ, ಆಕ್ಸೆಲ್ ಕಮಾನಿನ ಮೇಲೆ ಕೂತಿರುತ್ತದೆ. ಅಲ್ಲಿ ಕೆಲಸ ಸುಲಭ: ಎರಡರ ನಡುವೆ ಎರಡು ಮೂರು ಅಂಗುಲದ ಲೋಹದ ದಿಮ್ಮಿ ಇಟ್ಟು, ಉದ್ದನೆಯ ಯು-ಬೋಲ್ಟ್ ಹಾಕಿ ಬಿಗಿದರಾಯಿತು. ಅದೇ 1988ರಿಂದ 1998ರವರೆಗಿನ ದೊಡ್ಡ ಶೆವ್ರೊಲೆ ಸಿ1500ರಲ್ಲಿ ಆಕ್ಸೆಲ್ ಕಮಾನಿನ ಕೆಳಗಿದೆ. ಅಲ್ಲಿ ದಿಮ್ಮಿ ಇಟ್ಟರೆ ಗಾಡಿ ಇಳಿಯುವ ಬದಲು ಏರುತ್ತದೆ. ಅದಕ್ಕೆ ಆಕ್ಸೆಲ್ಲನ್ನೇ ಕಮಾನಿನ ಕೆಳಗಿನಿಂದ ಮೇಲಕ್ಕೆ ದಾಟಿಸುತ್ತಾರೆ. ಫ್ಲಿಪ್ ಕಿಟ್ ಎಂದು ಕರೆಯುವ ಈ ಉಪಾಯದಲ್ಲಿ ಕೊಳವೆಯ ದಪ್ಪ, ಕಮಾನು ಕಟ್ಟಿನ ದಪ್ಪ ಎಲ್ಲ ಸೇರಿ ಒಂದೇ ಏಟಿಗೆ ಐದಾರು ಅಂಗುಲ ಇಳಿಯುತ್ತದೆ. ಶ್ಯಾಕಲ್ ಬದಲಿಸುವುದು ಮತ್ತೊಂದು ದಾರಿ. ಕಮಾನಿನ ಕಣ್ಣು ಶ್ಯಾಕಲ್ಲಿನ ಮೇಲ್ತುದಿಯಲ್ಲಿದ್ದರೆ ಉದ್ದನೆಯ ಶ್ಯಾಕಲ್ ಹಾಕಬೇಕು, ಕೆಳತುದಿಯಲ್ಲಿದ್ದರೆ ಗಿಡ್ಡದ್ದು. ತಿರುಗುಮುರುಗಾಗಿ ಹಾಕಿದವನ ಟ್ರಕ್ಕು ಮೊದಲಿಗಿಂತ ಎತ್ತರವಾಗಿ ನಿಂತು ಅವನನ್ನೇ ಅಣಕಿಸುತ್ತದೆ. ಆಕ್ಸೆಲ್ ಕಮಾನಿನ ನಡುಮಧ್ಯದಲ್ಲಿರುವುದರಿಂದ ಶ್ಯಾಕಲ್ಲಿನಲ್ಲಿ ನಾಲ್ಕು ಅಂಗುಲ ಬದಲಿಸಿದರೆ ಗಾಡಿ ಇಳಿಯುವುದು ಎರಡೇ ಅಂಗುಲ. ಇನ್ನು ಕಮಾನಿನ ಒಂದೆರಡು ಪ್ಲೇಟು ತೆಗೆದುಹಾಕುವುದು, ಗ್ಯಾಸ್ ಬೆಂಕಿ ಹಿಡಿದು ಸ್ಪ್ರಿಂಗನ್ನು ಕಾಯಿಸಿ ಕುಗ್ಗಿಸುವುದು ಕಾಸು ಖರ್ಚಿಲ್ಲದ ಹಳೆಯ ಕಾಲದ ದಾರಿಗಳು. ಮೊದಲನೆಯದು ಹೊರುವ ಶಕ್ತಿಯನ್ನೇ ಕಳೆಯುತ್ತದೆ. ಎರಡನೆಯದು ಉಕ್ಕಿನ ಹದವನ್ನು. ಅವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಈ ದಾರಿಗಳಲ್ಲಿ ಯಾವುದನ್ನೇ ಹಿಡಿದರೂ ಚಾಸಿ ನಾಲ್ಕು ಅಂಗುಲ ಇಳಿಯಿತೆಂದರೆ ಆಕ್ಸೆಲ್ಲಿಗೂ ಚಾಸಿಗೂ ನಡುವಿನ ತೆರಪು ನಾಲ್ಕು ಅಂಗುಲ ಕಡಿಮೆಯಾಯಿತೆಂದೇ ಅರ್ಥ. ಕಿಟ್‌ಗಳ ಜಾಹೀರಾತುಗಳು ಈ ಮಾತನ್ನು ಒತ್ತಿ ಹೇಳುವುದಿಲ್ಲ. ಲೆಕ್ಕಕ್ಕೆಂದು ಒಂದು ಟ್ರಕ್ಕನ್ನು ಇಟ್ಟುಕೊಳ್ಳೋಣ. ಖಾಲಿ ನಿಂತಾಗ ಅದರ ಆಕ್ಸೆಲ್ಲಿಗೂ ಬಂಪ್ ಸ್ಟಾಪಿಗೂ ನಡುವೆ 100 ಮಿಲಿಮೀಟರ್ ತೆರಪಿದೆ. ಎರಡೂ ಕಮಾನುಗಳು ಸೇರಿ ಪ್ರತಿ ಎಂಟು ಕಿಲೊ ಭಾರಕ್ಕೆ ಒಂದು ಮಿಲಿಮೀಟರ್ ತಗ್ಗುತ್ತವೆ. 400 ಕಿಲೊ ಹೇರಿದರೆ 50 ಮಿಲಿಮೀಟರ್ ಹೊರೆಯ ಪಾಲಾಗಿ, ಉಳಿದ 50 ರಸ್ತೆಯ ಉಬ್ಬುಗಳಿಗೆ ಸಿಗುತ್ತದೆ. ಇದೇ ಟ್ರಕ್ಕಿಗೆ ಮೂರು ಅಂಗುಲದ, ಅಂದರೆ ಸುಮಾರು 75 ಮಿಲಿಮೀಟರಿನ ದಿಮ್ಮಿ ಇಟ್ಟೆವು ಎನ್ನೋಣ. ಖಾಲಿ ಇರುವಾಗಲೇ ಉಳಿಯುವುದು 25. ಇನ್ನೂರು ಕಿಲೊ ಹೇರಿದೊಡನೆ ಆಕ್ಸೆಲ್ ರಬ್ಬರಿಗೆ ತಾಗುತ್ತದೆ. ಆಮೇಲೆ ಬರುವ ಪ್ರತಿ ಹೊಂಡದ ಏಟನ್ನೂ ಕಮಾನನ್ನು ದಾಟಿ ಚಾಸಿ ನೇರವಾಗಿ ತಿನ್ನಬೇಕು. ಕಮಾನು ಮೊದಲಿನಷ್ಟೇ ಗಟ್ಟಿಯಾಗಿದೆ, ಒಂದು ಪ್ಲೇಟೂ ಕಡಿಮೆಯಾಗಿಲ್ಲ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಕಂಪನಿ ಮುದ್ರಿಸಿದ ಗರಿಷ್ಠ ತೂಕ ಹಾಗೆಯೇ ಇದೆ. ಹಾಗಿದ್ದೂ ಆ ಚೀಟಿ ಈಗ ಸುಳ್ಳು ಹೇಳುತ್ತಿದೆ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬಹುದು. ಖಾಲಿ ಪಿಕಪ್ ಕುಲುಕುವುದು ಕಮಾನು ಹೊರೆಯ ಲೆಕ್ಕಕ್ಕೆ ಬಿಗಿಯಾಗಿರುವುದರಿಂದ. ದಿಮ್ಮಿ ಇಟ್ಟರೆ ಆ ಬಿಗಿ ಸಡಿಲವಾಗುವುದಿಲ್ಲ. ಸವಾರಿ ಮೃದುವಾಗುತ್ತದೆಂದು ನಂಬಿ ದುಡ್ಡು ಕೊಟ್ಟವನಿಗೆ ಸಿಗುವುದು ಅದೇ ಕುಲುಕು, ಜೊತೆಗೆ ರಬ್ಬರಿನ ಗುದ್ದು.

ಕೆಲಸ ಬಲ್ಲ ವರ್ಕ್‌ಶಾಪುಗಳು ಇದಕ್ಕೆ ಕಂಡುಕೊಂಡ ಉತ್ತರ ಒರಟಾದದ್ದು, ಆದರೆ ಪ್ರಾಮಾಣಿಕವಾದದ್ದು: ಆಕ್ಸೆಲ್ಲಿನ ನೇರಕ್ಕೆ ಚಾಸಿ ಕಂಬಿಯನ್ನೇ ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಕತ್ತರಿಸಿದ ಬಾಯಿಗೆ ದಪ್ಪ ಉಕ್ಕಿನ ಕಟ್ಟು ಕೊಟ್ಟು ಬೋಲ್ಟ್ ಹಾಕುವುದು ಇಲ್ಲವೇ ವೆಲ್ಡ್ ಮಾಡುವುದು. ಆಕಾರದಿಂದಾಗಿ ಅದಕ್ಕೆ ಸಿ-ನಾಚ್ ಎಂಬ ಹೆಸರು. ಮುಂಭಾಗದಲ್ಲಿ ಇಂಥ ಸಾಹಸ ಬೇಕಿಲ್ಲ. ಚಕ್ರದ ಗುಂಬವನ್ನು ಮೇಲಕ್ಕೆ ಸರಿಸಿದ ಹೊಸ ಸ್ಪಿಂಡಲ್ ಹಾಕಿದರೆ ಸ್ಪ್ರಿಂಗಿನ ಓಡಾಟಕ್ಕೆ ಧಕ್ಕೆಯಾಗದೆ ಮೂತಿ ಇಳಿಯುತ್ತದೆ. ಹಿಂದಿನ ಗಟ್ಟಿ ಆಕ್ಸೆಲ್ಲಿಗೆ ಆ ಅನುಕೂಲವಿಲ್ಲ. ಫ್ಲಿಪ್ ಕಿಟ್ ಹಾಕಿದಾಗ ಕಮಾನಿಗೆ ತಗ್ಗುವ ಶಕ್ತಿ ಪೂರ್ತಿ ಉಳಿದಿರುತ್ತದೆ, ಆದರೆ ದಾರಿಯಲ್ಲಿ ಚಾಸಿ ಅಡ್ಡ ನಿಂತಿರುತ್ತದೆ. ನಾಲ್ಕು ಅಂಗುಲ ದಾಟಿ ಇಳಿಸುವವನು ನಾಚ್ ಇಲ್ಲದೆ ಇಳಿಸಿದರೆ ಅರ್ಧ ಕೆಲಸ ಮಾಡಿದ ಹಾಗೆ. ಗಾಡಿಯ ಬೆನ್ನೆಲುಬನ್ನು ಕೊಯ್ಯುವುದು ಅಪಾಯವಲ್ಲವೇ ಎಂದು ಕೇಳುವವರಿಗೆ ಉತ್ತರ: ಹೌದು, ಕೊಯ್ದು ಹಾಗೇ ಬಿಟ್ಟರೆ ಅಪಾಯ. ಕಂಬಿಯ ಆಳ ಕಡಿಮೆಯಾದಲ್ಲಿ ಬಾಗುವ ಒತ್ತಡ ಏರುತ್ತದೆ. ಕಳೆದ ಬಲವನ್ನು ಹೊಸ ಉಕ್ಕು ತುಂಬಿಕೊಡಲೇಬೇಕು. ಇತ್ತೀಚಿನ ಟ್ರಕ್ಕುಗಳ ಚಾಸಿ ಹೆಚ್ಚು ಬಲದ ಉಕ್ಕಿನದು. ವೆಲ್ಡಿಂಗಿನ ಕಾವಿಗೆ ಅದರ ಗುಣ ಕೆಡುವ ಭಯವಿರುವುದರಿಂದ ಬೋಲ್ಟ್ ಹಾಕುವ ಕಟ್ಟುಗಳೇ ಮೇಲು.

ಟ್ರಕ್ಕನ್ನು ಇಳಿಸುವುದೇ ತಪ್ಪು, ಅದು ಹೊರೆಯ ವಾಹನ ಎಂಬ ಶುದ್ಧವಾದಿಗಳ ಆಕ್ಷೇಪಕ್ಕೆ ಕಾರ್ಖಾನೆಗಳೇ ಉತ್ತರ ಕೊಟ್ಟಿವೆ. 1991ರಲ್ಲಿ ಜನರಲ್ ಮೋಟರ್ಸ್‌ನ ಜಿಎಂಸಿ ವಿಭಾಗ ಸೈಕ್ಲೋನ್ ಎಂಬ ಪುಟ್ಟ ಪಿಕಪ್ಪನ್ನು ಮಾರುಕಟ್ಟೆಗೆ ತಂದಿತು. ಕಾರ್ಖಾನೆಯಿಂದಲೇ ತಗ್ಗಿ ಬಂದ ಗಾಡಿ, 4.3 ಲೀಟರ್ ವಿ6 ಟರ್ಬೊ ಎಂಜಿನ್, 280 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಚಾಲನೆ. ಆ ವರ್ಷ ಕಾರ್ ಆಂಡ್ ಡ್ರೈವರ್ ಪತ್ರಿಕೆ ಕಾಲು ಮೈಲಿಯ ಓಟದಲ್ಲಿ ಅದನ್ನು ಫೆರಾರಿ 348ರ ಎದುರು ಓಡಿಸಿತು, ಗೆದ್ದದ್ದು ಪಿಕಪ್. ಈ ಓಟದ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಗಾಡಿಯ ಹೊರೆಮಿತಿ: ಕೇವಲ 500 ಪೌಂಡ್, ಅಂದರೆ 227 ಕಿಲೊ. ಮೂವರು ದಪ್ಪ ಮನುಷ್ಯರು ಬಾಡಿಯಲ್ಲಿ ಕೂತರೆ ಮುಗಿಯಿತು. ಗಾಡಿ ಇಳಿಸಿದ್ದೇವೆ, ಆದ್ದರಿಂದ ಹೊರುವುದು ಇಷ್ಟೇ ಎಂದು ಕಂಪನಿ ಒಪ್ಪಿಕೊಂಡು ಮುದ್ರಿಸಿತು. ಪಿಕಪ್ಪನ್ನು ಇಳಿಸುವುದರಲ್ಲಿ ಮೋಸವೇನೂ ಇಲ್ಲ. ಇಳಿಸಿದ ಮೇಲೂ ಹಳೆಯ ಚೀಟಿಯನ್ನೇ ತೋರಿಸಿ ಹೇರುವುದು, ಇಲ್ಲವೇ ಹಾಗೆ ಹೇರುವವನಿಗೆ ಮಾರುವುದು ಮೋಸ. ಶುದ್ಧವಾದಿಗಳಿಗೆ ಇನ್ನೊಂದು ಸಂಗತಿಯೂ ನೆನಪಿರಲಿ. 1960ರ ದಶಕದ ಶೆವ್ರೊಲೆ ಸಿ10 ಪಿಕಪ್ಪುಗಳ ಹಿಂಭಾಗದಲ್ಲಿ ಕಮಾನಿನ ಬದಲು ಸುರುಳಿ ಸ್ಪ್ರಿಂಗ್ ಮತ್ತು ಎರಡು ಉದ್ದನೆಯ ತೋಳುಗಳಿದ್ದವು. ಅದೇ ತೋಳುಗಳ ವಿನ್ಯಾಸವನ್ನು ಎತ್ತಿಕೊಂಡ ನ್ಯಾಸ್ಕಾರ್ ರೇಸಿನ ಅಗ್ರ ಸರಣಿಯ ಕಾರುಗಳು 2021ರ ಋತುವಿನವರೆಗೂ ಅದರ ಮೇಲೆಯೇ ಓಡಿದವು. ಹೊರೆಗಾಡಿಯ ಹಿಂಭಾಗ ನೆಲಕ್ಕೆ ಹತ್ತಿರವಾಗಿ, ಗಂಟೆಗೆ ಇನ್ನೂರು ಮೈಲಿಯ ಆಸುಪಾಸಿನ ವೇಗದಲ್ಲಿ ದಶಕಗಳ ಕಾಲ ದುಡಿದ ಮೇಲೆ ಅದನ್ನು ಮೂಲಧರ್ಮಕ್ಕೆ ವಿರುದ್ಧ ಎನ್ನುವುದು ಕಷ್ಟ.

ಇಳಿಸಿದರೆ ಗಾಡಿ ಹೆಚ್ಚು ಸುರಕ್ಷಿತ ಎಂಬ ವಾದವನ್ನೂ ಅಷ್ಟೇ ನಿಷ್ಠುರವಾಗಿ ನೋಡಬೇಕು. ಗುರುತ್ವಕೇಂದ್ರ ಇಳಿದರೆ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ದಾಟುವ ಭಾರ ಕಡಿಮೆಯಾಗುತ್ತದೆ, ಅದು ನಿಜ. ಆದರೆ ಎಷ್ಟು? ಗುರುತ್ವಕೇಂದ್ರ 70 ಸೆಂಟಿಮೀಟರ್ ಎತ್ತರದಲ್ಲಿ, ಚಕ್ರಗಳ ನಡುವಿನ ಅಗಲ 170 ಸೆಂಟಿಮೀಟರ್ ಇರುವ ಗಾಡಿ ತಿರುವಿನಲ್ಲಿ ಅರ್ಧ ಗುರುತ್ವದಷ್ಟು ಪಕ್ಕಬಲ ಅನುಭವಿಸಿದರೆ ಗಾಡಿಯ ತೂಕದ ಶೇ 20ರಷ್ಟು ಆಚೆ ದಾಟುತ್ತದೆ. ಹಿಂಭಾಗವನ್ನಷ್ಟೇ ಹತ್ತು ಸೆಂಟಿಮೀಟರ್ ಇಳಿಸಿದರೆ ಗುರುತ್ವಕೇಂದ್ರ ಇಳಿಯುವುದು ನಾಲ್ಕೈದು ಸೆಂಟಿಮೀಟರ್. ಏಕೆಂದರೆ ಖಾಲಿ ಪಿಕಪ್ಪಿನ ಭಾರದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರಗಳ ಮೇಲಿದೆ. ಆಗ ಶೇ 20 ಇದ್ದದ್ದು 19ರ ಆಸುಪಾಸಿಗೆ ಬರುತ್ತದೆ. ಲಾಭ ಇದೆ, ಕೊಂಡಾಡುವಷ್ಟಿಲ್ಲ. ಅದೇ ತಿರುವಿನಲ್ಲಿ ಹೊರಗಿನ ಚಕ್ರ ಬಂಪ್ ಸ್ಟಾಪಿಗೆ ಬಡಿದರೆ ಆ ಮೂಲೆ ಏಕಾಏಕಿ ಕಲ್ಲಿನಂತೆ ಬಿಗಿದು ಹಿಂಭಾಗ ಜಾರುತ್ತದೆ. ಗಳಿಸಿದ ಶೇಕಡಾ ಒಂದು ಅಲ್ಲೇ ಕೊಚ್ಚಿಹೋಗುತ್ತದೆ. ಸುರಕ್ಷತೆಯ ವಾದವೂ ಕೊನೆಗೆ ತೆರಪಿನ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

ತೆರಪಿಗೆ ಅಂಟಿಕೊಂಡೇ ಬರುವ, ಕಣ್ಣಿಗೆ ಕಾಣದ ಇನ್ನೊಂದು ವಿಷಯ ಬ್ರೇಕು. ಪಿಕಪ್ಪಿನ ಹಿಂಚಕ್ರಗಳಿಗೆ ಎಷ್ಟು ಬ್ರೇಕ್ ಬೇಕೆಂಬುದು ಹೊರೆಯ ಮೇಲೆ ನಿಂತಿದೆ: ತುಂಬಿದ್ದಾಗ ಹೆಚ್ಚು, ಖಾಲಿ ಇದ್ದಾಗ ಕಡಿಮೆ. ಇದನ್ನು ತೂಗಲು 1980ರ ದಶಕದ ಟೊಯೊಟಾ ಪಿಕಪ್ಪುಗಳಲ್ಲಿ ಚಾಸಿಗೆ ಒಂದು ವಾಲ್ವ್ ಕೂರಿಸಿ, ಅದರ ಕಡ್ಡಿಯನ್ನು ಆಕ್ಸೆಲ್ಲಿಗೆ ಕಟ್ಟುತ್ತಿದ್ದರು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಎಲ್‌ಎಸ್‌ಪಿವಿ ಎಂದು ಕರೆಸಿಕೊಳ್ಳುವ ಸಾಧನ ಇದೇ. ಆ ವಾಲ್ವಿಗೆ ತಕ್ಕಡಿ ಇಲ್ಲ. ಚಾಸಿಗೂ ಆಕ್ಸೆಲ್ಲಿಗೂ ಇರುವ ಅಂತರ ಕಡಿಮೆಯಾದರೆ ಸರಕು ಬಿದ್ದಿದೆ ಎಂದು ಊಹಿಸುವುದಷ್ಟೇ ಅದಕ್ಕೆ ಗೊತ್ತು. ಟ್ರಕ್ಕನ್ನು ಮೂರಂಗುಲ ಇಳಿಸಿ ಕಡ್ಡಿಯನ್ನು ಹಾಗೆಯೇ ಬಿಟ್ಟರೆ ಅದು ಖಾಲಿ ಗಾಡಿಯನ್ನು ತುಂಬಿದ ಗಾಡಿಯೆಂದೇ ತಿಳಿದು ಹಿಂಚಕ್ರಗಳಿಗೆ ಜೋರಾಗಿ ಬ್ರೇಕ್ ಕಳಿಸುತ್ತದೆ. ಮೊದಲೇ ಹಗುರಾದ ಹಿಂಭಾಗ, ಮಳೆಯಲ್ಲಿ ನೆನೆದ ರಸ್ತೆ, ಸಿಕ್ಕಿ ನಿಂತ ಚಕ್ರ: ಗಾಡಿ ಗಿರ್ರನೆ ತಿರುಗಲು ಇಷ್ಟು ಸಾಕು. ಕಡ್ಡಿಯನ್ನು ಇಳಿಸಿದ ಅಳತೆಗೆ ಸರಿಹೊಂದಿಸಿದರೆ ತೊಂದರೆ ಇಲ್ಲ. ಆದರೆ ಇಳಿಸುವವರು ಮೊದಲು ಕೊಳ್ಳುವುದು ಚಕ್ರ ಮತ್ತು ಬಣ್ಣ, ಈ ಕಡ್ಡಿಯ ಹೆಸರು ಕೇಳಿದವರೇ ಕಡಿಮೆ. ಈಗಿನ ಟ್ರಕ್ಕುಗಳಲ್ಲಿ ಎಬಿಎಸ್ ಈ ಕೆಲಸದ ಬಹುಪಾಲನ್ನು ವಹಿಸಿಕೊಂಡಿದೆ ಎಂದು ಸಮಾಧಾನ ಹೇಳುವವರುಂಟು. ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಹಗುರ ವಾಹನಗಳಿಗೂ ಇಎಸ್‌ಸಿ, ಅಂದರೆ ಗಾಡಿ ಜಾರದಂತೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆ, ಕಡ್ಡಾಯವಾಗಿದೆ ನಿಜ. ಆದರೆ ಅದರ ಲೆಕ್ಕಾಚಾರವೆಲ್ಲ ಕಾರ್ಖಾನೆಯ ಎತ್ತರ, ಕಾರ್ಖಾನೆಯ ಸ್ಪ್ರಿಂಗುಗಳನ್ನು ನಂಬಿ ಬರೆದದ್ದು.

ಪ್ರೊಪೆಲ್ಲರ್ ಶಾಫ್ಟಿನ ಮಾತು ಚಿಕ್ಕದು. ಆಕ್ಸೆಲ್ ಮೇಲೇರಿದಾಗ ಶಾಫ್ಟಿನ ಕೋನ ಬದಲಾಗುತ್ತದೆ. ಶ್ಯಾಕಲ್ ಬದಲಿಸಿದರೆ ಆಕ್ಸೆಲ್ಲೇ ತುಸು ವಾಲಿ ಡಿಫರೆನ್ಷಿಯಲ್ಲಿನ ಮೂತಿ ಬೇರೆ ಕಡೆ ನೋಡುತ್ತದೆ. ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳೂ ಪ್ರತಿ ಸುತ್ತಿಗೆ ಎರಡು ಬಾರಿ ವೇಗವನ್ನು ಏರಿಳಿಸುತ್ತವೆ; ಎರಡೂ ತುದಿಯ ಕೋನ ಸಮವಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ, ಇಲ್ಲದಿದ್ದರೆ ಹೆದ್ದಾರಿಯ ವೇಗದಲ್ಲಿ ಇಡೀ ಗಾಡಿ ನಡುಗುತ್ತದೆ. ಓರೆಯಾದ ಲೋಹದ ಬೆಣೆಯೊಂದನ್ನು ಸೇರಿಸಿ ಒಂದೆರಡು ಡಿಗ್ರಿ ತಿದ್ದಿದರೆ ಸರಿಹೋಗುವ ಕಾಯಿಲೆ ಇದು. ಈ ತಪ್ಪು ಶಬ್ದ ಮಾಡಿ ತನ್ನನ್ನು ತಾನೇ ಸಾರಿಕೊಳ್ಳುತ್ತದೆ, ಹಾಗಾಗಿ ಅಷ್ಟು ಕೇಡಿನದ್ದಲ್ಲ.

ಶಬ್ದ ಮಾಡದೆ ಇತರರಿಗೆ ಕೇಡು ಮಾಡುವುದು ಹೆಡ್‌ಲೈಟು. ಚಕ್ರದಿಂದ ಚಕ್ರಕ್ಕೆ ಮೂರು ಮೀಟರ್ ಉದ್ದದ ಪಿಕಪ್ಪಿನ ಹಿಂಭಾಗವನ್ನಷ್ಟೇ ಹತ್ತು ಸೆಂಟಿಮೀಟರ್ ಇಳಿಸಿದರೆ ಇಡೀ ಗಾಡಿ ಸುಮಾರು ಎರಡು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಲೋ ಬೀಮನ್ನು ಸಾಮಾನ್ಯವಾಗಿ ಪ್ರತಿ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಕೆಳಗೆ ನೋಡುವಂತೆ ಹೊಂದಿಸಿರುತ್ತಾರೆ. ಎರಡು ಡಿಗ್ರಿಯ ವಾಲುವಿಕೆ ಅದನ್ನು ಪ್ರತಿ ಮೀಟರಿಗೆ ಮೂರು ಸೆಂಟಿಮೀಟರಿಗೂ ಹೆಚ್ಚು ಮೇಲಕ್ಕೆತ್ತುತ್ತದೆ. ಐವತ್ತು ಮೀಟರ್ ದೂರದಲ್ಲಿ ಎದುರು ಬರುವ ಕಾರಿನ ಚಾಲಕನ ಕಣ್ಣು ನೆಲದಿಂದ ಒಂದೂಕಾಲು ಮೀಟರ್ ಒಳಗೇ ಇದ್ದರೆ, ಈ ಬೆಳಕಿನ ಮೇಲಂಚು ಎರಡು ಮೀಟರಿನ ಎತ್ತರದಲ್ಲಿರುತ್ತದೆ. ಅಂದರೆ ಲೋ ಬೀಮೂ ಹೈ ಬೀಮಿನ ಕೆಲಸವನ್ನೇ ಮಾಡುತ್ತದೆ. ದೀಪದ ಹಿಂದಿನ ಸ್ಕ್ರೂ ನಾಲ್ಕು ಸುತ್ತು ತಿರುಗಿಸಿದರೆ ಇದು ನೆಟ್ಟಗಾಗುತ್ತದೆ ಎಂಬುದೇ ಸಿಟ್ಟು ತರಿಸುವ ಸಂಗತಿ.

ಈ ದೀಪಗಳ ದೂರನ್ನು ಕಾನೂನಿನ ಬಾಗಿಲಿಗೆ ಒಯ್ದದ್ದು ಕೆರೊಲಿನಾ ಸ್ಕ್ವಾಟ್ ಎಂಬ ಶೋಕಿ. ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ ಓಡುವ ರೇಸ್ ಟ್ರಕ್ಕುಗಳ ನಿಲುವನ್ನು ಅನುಕರಿಸುತ್ತ ಹುಟ್ಟಿದ ಈ ಶೈಲಿಯಲ್ಲಿ ಮುಂಭಾಗವನ್ನು ಬೇಕಾದಷ್ಟು ಎತ್ತಿ, ಹಿಂಭಾಗವನ್ನು ಇದ್ದಲ್ಲೇ ಬಿಡುತ್ತಾರೆ ಇಲ್ಲವೇ ಇಳಿಸುತ್ತಾರೆ. ಹಿಂದೆ ಹೊರೆ ಹೆಚ್ಚಾದ ಎತ್ತಿನಗಾಡಿಯ ನೊಗ ಮೇಲೆದ್ದು ನಿಂತ ಹಾಗೆ ಟ್ರಕ್ಕು ಆಕಾಶ ನೋಡುತ್ತದೆ. ಚಾಲಕನಿಗೆ ಬಾನೆಟ್ಟಿನ ಮುಂದಿನ ರಸ್ತೆ ಕಾಣುವುದಿಲ್ಲ. ಎದುರಿನವನಿಗೆ ದೀಪದ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಉತ್ತರ ಕೆರೊಲಿನಾ 2021ರ ಡಿಸೆಂಬರ್ 1ರಿಂದ ಇದನ್ನು ನಿಷೇಧಿಸಿತು: ಮುಂದಿನ ಫೆಂಡರು ಹಿಂದಿನದಕ್ಕಿಂತ ನಾಲ್ಕು ಅಂಗುಲ ಅಥವಾ ಅದಕ್ಕಿಂತ ಎತ್ತರದಲ್ಲಿ ಇರಕೂಡದು. ಹನ್ನೆರಡು ತಿಂಗಳಲ್ಲಿ ಮೂರು ಬಾರಿ ಸಿಕ್ಕಿಬಿದ್ದರೆ ಲೈಸೆನ್ಸ್ ಒಂದು ವರ್ಷ ಹೋಗುತ್ತದೆ. 2022ರಲ್ಲಿ ವರ್ಜೀನಿಯಾ, 2023ರಲ್ಲಿ ದಕ್ಷಿಣ ಕೆರೊಲಿನಾ ಇದೇ ದಾರಿ ಹಿಡಿದವು. ಈ ಕಾನೂನು ಬೇಡವಿತ್ತು ಎಂದು ನಾನು ಹೇಳಲಾರೆ. ಆದರೆ ಅದು ಅಳೆದದ್ದನ್ನು ನೋಡಿ. ಮುಂದಿನ ಹಿಂದಿನ ಎತ್ತರದ ವ್ಯತ್ಯಾಸ ಮೂರೂವರೆ ಅಂಗುಲವಿದ್ದು ದೀಪ ಸರಿಪಡಿಸದ ಟ್ರಕ್ಕು ಕಾನೂನಿನ ಪ್ರಕಾರ ಸಾಚಾ. ಎದುರಿನವನ ಕಣ್ಣು ಕುಕ್ಕುವುದು ಮಾತ್ರ ನಿಲ್ಲುವುದಿಲ್ಲ. ಹಿಂದೆ ಮುಂದೆ ಸಮನಾಗಿ ಇಳಿದು, ಆಕ್ಸೆಲ್ಲಿಗೆ ಅರ್ಧ ಅಂಗುಲ ಜಾಗ ಉಳಿದ ಟ್ರಕ್ಕೂ ಸಾಚಾ.

ಇದಕ್ಕೂ ಅರವತ್ತು ವರ್ಷ ಹಿಂದಿನ ಕ್ಯಾಲಿಫೋರ್ನಿಯಾದ ಕಾನೂನು ಇನ್ನೊಂದು ಅಳತೆ ಹಿಡಿದಿತ್ತು. 1958ರಲ್ಲಿ ಜಾರಿಗೆ ಬಂದ ಅಲ್ಲಿನ ವಾಹನ ಸಂಹಿತೆಯ 24008ನೇ ಸೆಕ್ಷನ್ ಪ್ರಕಾರ, ಮಾರ್ಪಡಿಸಿದ ಗಾಡಿಯ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಗೆ ಇಳಿಯುವಂತಿರಲಿಲ್ಲ. ಎಂಜಿನಿಯರಿಂಗ್ ದೃಷ್ಟಿಯಿಂದ ಈ ಗೆರೆಗೆ ಅರ್ಥವಿದೆ: ಓಡುತ್ತಿರುವಾಗ ಟೈರು ಒಡೆದು ರಿಮ್ಮು ನೆಲಕ್ಕೆ ತಾಗಿದರೂ ಚಾಸಿಯಾಗಲಿ, ಬ್ರೇಕ್ ಪೈಪಾಗಲಿ ನೆಲಕ್ಕೆ ಉಜ್ಜಬಾರದು. ಆದರೆ ಕಾನೂನಿನ ಬಳಕೆ ಅದರ ಅರ್ಥಕ್ಕೆ ಕಟ್ಟುಬಿದ್ದಿರಲಿಲ್ಲ. ತಗ್ಗಿಸಿದ ಗಾಡಿಗಳು ಲಾಸ್ ಏಂಜಲೀಸ್ ಸುತ್ತಮುತ್ತಲ ಮೆಕ್ಸಿಕನ್ ಮೂಲದ ಯುವಕರ ಗುರುತಾಗಿದ್ದವು. ಅವರನ್ನು ತಡೆದು ನಿಲ್ಲಿಸಲು ಪೊಲೀಸರಿಗೆ ಈ ಸೆಕ್ಷನ್ ಒಳ್ಳೆಯ ನೆಪವಾಯಿತೆಂಬ ದೂರು ದಶಕಗಳ ಕಾಲ ಕೇಳಿಬಂತು. ಕಾನೂನಿಗೆ ಕಸುಬುದಾರರು ಕೊಟ್ಟ ಉತ್ತರವೂ ಸೊಗಸಾಗಿತ್ತು. ಸ್ಯಾನ್ ಬರ್ನಾರ್ಡಿನೊ ಕಡೆಯ ರಾನ್ ಅಗಿರ್ರೆ ತನ್ನ 1957ರ ಕಾರ್ವೆಟ್ ಕಾರಿಗೆ ವಿಮಾನದ ಹಳೆಯ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿದ. ಗುಂಡಿ ಒತ್ತಿದರೆ ಗಾಡಿ ಕಾನೂನಿನ ಎತ್ತರಕ್ಕೆ ಏರುತ್ತದೆ, ಪೊಲೀಸರು ದೂರವಾದರೆ ಮತ್ತೆ ಇಳಿಯುತ್ತದೆ. ಇಂದು ಪಿಕಪ್ಪುಗಳಲ್ಲಿ ಕಾಣುವ ಗಾಳಿಚೀಲದ ಸಸ್ಪೆನ್ಷನ್‌ಗೂ ಇದೇ ಏರಿಳಿತದ ಆಸೆ ಮೂಲ. ಎಬಿ 436 ಎಂಬ ಮಸೂದೆಗೆ 2023ರಲ್ಲಿ ಸಹಿ ಬಿದ್ದು, 2024ರ ಜನವರಿ 1ರಿಂದ ಆ ಸೆಕ್ಷನ್ ರದ್ದಾಯಿತು. ಅನ್ಯಾಯದ ಬಳಕೆ ನಿಂತದ್ದು ಒಳ್ಳೆಯದೇ. ಆದರೆ ಜೊತೆಗೆ ರಿಮ್ಮಿನ ಗೆರೆಯೂ ಹೋಯಿತು. ಕೆಟ್ಟ ಕೈಯಲ್ಲಿದ್ದ ಒಳ್ಳೆಯ ಅಳತೆಗೋಲನ್ನು ಕೈಯ ಜೊತೆಗೇ ಎಸೆದಂತಾಯಿತು ಎಂದು ನನ್ನ ಅಭಿಪ್ರಾಯ.

ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಇನ್ನೊಂದು ವಿಚಿತ್ರವಿದೆ. ಕಡ್ಡಾಯ ಸುರಕ್ಷಾ ಸಾಧನಗಳನ್ನು ಗೊತ್ತಿದ್ದೂ ನಿಷ್ಕ್ರಿಯಗೊಳಿಸಬಾರದು ಎಂಬ ಕಟ್ಟಳೆ ತಯಾರಕರು, ಡೀಲರುಗಳು, ರಿಪೇರಿ ಅಂಗಡಿಗಳನ್ನು ಬಿಗಿಯುತ್ತದೆ. ಮನೆಯ ಗ್ಯಾರೇಜಿನಲ್ಲಿ ತನ್ನ ಗಾಡಿಯನ್ನು ತಾನೇ ಬಿಚ್ಚುವ ಮಾಲೀಕನನ್ನು ಅದು ಮುಟ್ಟುವುದಿಲ್ಲ. ಭಾರತದ ದಾರಿ ಇದಕ್ಕೆ ಪೂರಾ ತದ್ವಿರುದ್ಧ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಣೆಗೆ ಹೊರತಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಹಾಗಿದ್ದೂ ಕರ್ನಾಟಕದ ರಸ್ತೆಗಳಲ್ಲಿ ತರಕಾರಿ ಹೇರುವ ಪಿಕಪ್ಪುಗಳ ಕಮಾನಿಗೆ ಹೆಚ್ಚುವರಿ ಪ್ಲೇಟು ಸೇರಿಸಿ ಹಿಂಭಾಗವನ್ನು ಇನ್ನಷ್ಟು ಎತ್ತುವುದು ಅಪರೂಪವೇನಲ್ಲ. ಅಮೆರಿಕದಲ್ಲಿ ಬಾರದ ಹೊರೆಗಾಗಿ ಇದ್ದ ಜಾಗವನ್ನು ಕಳೆಯುತ್ತಾರೆ, ಇಲ್ಲಿ ಬರಬಾರದಷ್ಟು ಹೊರೆಗಾಗಿ ಜಾಗವನ್ನು ಮಾಡಿಕೊಳ್ಳುತ್ತಾರೆ. ಎರಡೂ ಕಡೆ ಮುರಿದದ್ದು ಚೀಟಿಯ ಮೇಲಿನ ತೂಕಕ್ಕೂ ಕೆಳಗಿನ ಕಮಾನಿಗೂ ಇದ್ದ ಒಪ್ಪಂದವೇ.

ಕೊನೆಯ ಆಕ್ಷೇಪ ವ್ಯಾವಹಾರಿಕವಾದದ್ದು, ಮತ್ತು ಎಲ್ಲಕ್ಕಿಂತ ಗಟ್ಟಿಯಾದದ್ದು. ಫೆಂಡರಿನ ಎತ್ತರವನ್ನು ರಸ್ತೆಬದಿಯ ಪೊಲೀಸ್ ಟೇಪಿನಿಂದ ಅಳೆಯಬಹುದು. ಆಕ್ಸೆಲ್ಲಿಗೆ ಉಳಿದ ಜಾಗವನ್ನು ಅಳೆಯುವವರು ಯಾರು, ಹೇಗೆ? ಕಾನೂನು ಸುಲಭದ ಅಳತೆಯನ್ನು ಹಿಡಿದದ್ದು ಇದೇ ಕಾರಣಕ್ಕೆ ಎಂಬುದು ನಿಜ. ಆದರೆ ಉಳಿದ ಜಾಗವನ್ನು ಅಳೆಯುವುದು ಅಂದುಕೊಂಡಷ್ಟು ಕಷ್ಟವಿಲ್ಲ. ಟ್ರಕ್ಕನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಹಿಂಚಕ್ರದ ಬಳಿ ಮಂಡಿಯೂರಿ, ಆಕ್ಸೆಲ್ ಕೊಳವೆಯ ಮೇಲ್ಭಾಗದಿಂದ ಬಂಪ್ ಸ್ಟಾಪಿನ ತುದಿಯವರೆಗೆ ಅದೇ ಟೇಪು ಹಿಡಿದರೆ ಸಾಕು. ವರ್ಷಕ್ಕೊಮ್ಮೆ ವಾಹನ ತಪಾಸಣೆ ಕಡ್ಡಾಯವಿರುವ ಅಮೆರಿಕದ ರಾಜ್ಯಗಳಲ್ಲಿ ಗಾಡಿ ಹೇಗೂ ಲಿಫ್ಟಿನ ಬಳಿಗೆ ಬರುತ್ತದೆ. ಆಗ ಈ ಅಳತೆ, ದೀಪದ ಗುರಿ, ಬ್ರೇಕ್ ಕಡ್ಡಿಯ ಹೊಂದಾಣಿಕೆ ಮೂರನ್ನೂ ನೋಡಿ, ಹೊರುವ ಮಿತಿ ಕಡಿಮೆಯಾಗಿದ್ದರೆ ಬಾಗಿಲಿಗೆ ಹೊಸ ಚೀಟಿ ಅಂಟಿಸುವುದು ದೊಡ್ಡ ಕೆಲಸವಲ್ಲ. ಟೇಪು ಇಲ್ಲದಿದ್ದರೂ ಲೋಹ ಸುಳ್ಳು ಹೇಳುವುದಿಲ್ಲ. ಜಾಗ ಸಾಲದ ಟ್ರಕ್ಕಿನಲ್ಲಿ ರಬ್ಬರು ತುಂಡು ಜಜ್ಜಿ ಹರಿದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೊಳವೆಯ ನೆತ್ತಿಯಲ್ಲೂ ಅದರ ಮೇಲಿನ ಚಾಸಿಯ ತಳದಲ್ಲೂ ಬಣ್ಣ ಕಿತ್ತು ಲೋಹ ಹೊಳೆಯುತ್ತಿರುತ್ತದೆ. ಉದ್ದನೆಯ ಹಳೆಯ ಶಾಕ್ ಅಬ್ಸಾರ್ಬರನ್ನೇ ಬಿಟ್ಟಿದ್ದರೆ ಅದು ಒಳಗೇ ತಳ ಬಡಿದು ಎಣ್ಣೆ ಸೋರುತ್ತಿರುತ್ತದೆ. ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವವರು ಚಕ್ರದ ಹೊಳಪಿಗಿಂತ ಮೊದಲು ನೋಡಬೇಕಾದದ್ದು ಆ ಮೂರು ಜಾಗಗಳನ್ನು. ಇಡೀ ಚಾಸಿ ಧೂಳು ಹಿಡಿದಿದ್ದು ಆಕ್ಸೆಲ್ಲಿನ ನೇರಕ್ಕೆ ಮಾತ್ರ ಹೊಸ ಕಪ್ಪು ಬಣ್ಣ ಕಂಡರೆ, ಬೆಲೆಯ ಮಾತಿಗೆ ಮುಂಚೆ ಅದನ್ನು ಬಳಿದದ್ದು ಏಕೆಂದು ಕೇಳಬೇಕು.